ಹಳದಿ ಬಾವುಟ

ಫುಕೆಟ್ ಬಿಟ್ಟ ಮೂರನೇ ಬೆಳಿಗ್ಗೆ ಲಂಕಾವಿಯ ಕುವಾ ಕಂಡಿತು. ದಡದಲ್ಲಿ 12 ಮೀಟರ್ ಎತ್ತರದ ಕೆಂಗಂದು ಹದ್ದು. ಯಾಟ್ ನನ್ನ ಹಳೇ ಬಾಸ್‌ದು, ನಾನು ಬಿಟ್ಟಿ ಪ್ಯಾಸೆಂಜರ್. ಹಗ್ಗ ಎಸೆದು ಮರೀನಾದಲ್ಲಿ ಕಟ್ಟಿದ್ವಿ.

ಬೇರೆ ದೇಶದಿಂದ ಬಂದ ದೋಣಿ ಹಳದಿ ಬಾವುಟ ಏರಿಸಬೇಕು. ಇಮಿಗ್ರೇಷನ್, ಕಸ್ಟಮ್ಸ್ ಮುಗಿಯೋವರೆಗೆ ಕ್ಯಾಪ್ಟನ್ ಬಿಟ್ಟು ಯಾರೂ ಇಳಿಯೋ ಹಾಗಿಲ್ಲ. ಡಿಟಾಕ್ಸ್ ಅಂತ ಆಫ್ ಮಾಡಿಟ್ಟಿದ್ದ ಫೋನ್ ಆಗ ತೆಗೆದೆ, ಹದ್ದಿನ ಫೋಟೋ ಹಾಕೋಣ ಅಂತ. ವಾಟ್ಸಾಪಿನಲ್ಲಿ ಅಮ್ಮನ 11 ಮಿಸ್ಡ್ ಕಾಲ್. "ಅಪ್ಪನ್ನ ಐಸಿಯುಗೆ ಹಾಕಿದಾರೆ. ಎಲ್ಲಿದ್ದೀಯೋ?"

ದಡ ಎರಡೇ ಅಡಿ ದೂರ. "ಹೊರಟೆ ಅಮ್ಮಾ" ಅಂತ ಟೈಪ್ ಮಾಡಿ ಅಳಿಸಿದೆ. ಪಾಸ್‌ಪೋರ್ಟು ಕ್ಯಾಪ್ಟನ್ ಕೈಲಿತ್ತು. ಅವನು ವಾಪಸ್ ಬರೋಕೆ ಎರಡು ಗಂಟೆ ಹಿಡೀತು.

ಬಾವುಟ ನಾನೇ ಇಳಿಸಿದೆ.