ಸಿಟ್ಟಿನ ಒಳಗಿನ ಹೆದರಿಕೆ

ನಮ್ಮ ಕಡೆ ಗಂಡಸಿಗೆ ಸಿಟ್ಟು ಬಂದರೆ ಯಾರೂ ಕಾರಣ ಕೇಳುವುದಿಲ್ಲ. ಹೆದರಿಕೆ ಆಗುತ್ತಿದೆ ಎಂದರೆ ಮಾತ್ರ ಹತ್ತು ಜನ ಕೇಳುತ್ತಾರೆ. ಹಾಗಾಗಿ ನನ್ನ ಹೆದರಿಕೆಯೆಲ್ಲ ವರ್ಷಗಟ್ಟಲೆ ಸಿಟ್ಟಾಗಿಯೇ ಹೊರಬಿತ್ತು.

ಸಾಗರ ಸೀಮೆಯಲ್ಲಿ ಅಡಿಕೆ ತೋಟ ಇಟ್ಟುಕೊಂಡವನು ಹೆದರಲು ಕಾರಣ ಹುಡುಕಬೇಕಿಲ್ಲ. ಆಷಾಢದ ಮಳೆ ಬಿಡದೆ ಹಿಡಿದರೆ ಕೊಳೆ ರೋಗ. ಮೈಲುತುತ್ತ, ಸುಣ್ಣ ತಂದಿಟ್ಟು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನ ದಾರಿ ಕಾಯಬೇಕು. ಅವನು ಬಂದ ದಿನ ಮಳೆ ಹೊಳವಾಗುವುದಿಲ್ಲ. ಮಳೆಗಾಲ ಮುಗಿದರೆ ಮಂಗನ ಕಾಯಿಲೆಯ ಚಿಂತೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಆ ಜ್ವರ 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಲಗೋಡು ಸುತ್ತ ಹಲವರನ್ನು ಬಲಿ ತೆಗೆದುಕೊಂಡಿತು. ಹೊಸನಗರದ ಮಾವನ ಮನೆಯಿಂದ, ತೀರ್ಥಹಳ್ಳಿಯ ತಂಗಿಯ ಮನೆಯಿಂದ ಫೋನ್ ಬಂದರೆ ಎಲೆಚುಕ್ಕೆ ರೋಗದ್ದೇ ಸುದ್ದಿ. ಇದೆಲ್ಲ ಊರಿಗೇ ಇರುವ ಕಷ್ಟ. ಆದರೆ ಊರವರಿಗೆ ನಿದ್ದೆ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಎದೆ ಡವಗುಟ್ಟುತ್ತಿತ್ತು. ಹಲ್ಲು ಕಚ್ಚಿಕೊಂಡೇ ಏಳುತ್ತಿದ್ದೆ. ಬೆಳಿಗ್ಗೆ ಲೋಟ ಬಿದ್ದ ಸದ್ದಿಗೂ ಕೂಗಾಡುತ್ತಿದ್ದೆ.

ಒಂದು ಸಂಜೆ ಮಗ ಜಗುಲಿಯಲ್ಲಿ ಗಟ್ಟಿಯಾಗಿ ಪಾಠ ಓದುತ್ತಿದ್ದ. ನನ್ನ ಬೈಕು ಅಂಗಳಕ್ಕೆ ಬಂದದ್ದೇ ಓದು ನಿಲ್ಲಿಸಿದ. ಪುಸ್ತಕ, ಕಂಪಾಸು ಎರಡನ್ನೂ ಸದ್ದಾಗದಂತೆ ಎತ್ತಿಕೊಂಡು ಒಳಗೆ ಹೋದ. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ಆ ರಾತ್ರಿ ಹೆಂಡತಿ ಹೇಳಿದಳು: “ನಿಮಗೆ ಎಂತದೋ ಹೆದರಿಕೆ ಇದೆ. ಅದನ್ನು ಹೇಳಿ, ಬೈಬೇಡಿ.”

ಆತಂಕದ ಕಾಯಿಲೆಯ ಲಕ್ಷಣಗಳಲ್ಲಿ ಕಿರಿಕಿರಿ, ಸಿಡುಕು ಕೂಡ ಸೇರಿವೆ ಎಂದು ಗೊತ್ತಾದದ್ದು ವೈದ್ಯರ ಮುಂದೆ ಕೂತಾಗ. ಅಪಾಯ ಬಂತೆಂದು ದೇಹ ಸದಾ ಅಡ್ರಿನಲಿನ್ ಸುರಿಸುತ್ತಿದ್ದರೆ, ನಿದ್ದೆಯೂ ಕೆಟ್ಟಿದ್ದರೆ, ಸಣ್ಣ ಸದ್ದೂ ಮೇಲೆ ಬಿದ್ದಂತಾಗುತ್ತದೆ. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ ಎಂದು ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಬರಹ, ಸಿನಿಮಾಗಳ ಮೂಲಕ ದಶಕಗಳ ಕಾಲ ಹೇಳಿದರು. ನಮ್ಮ ಜಿಲ್ಲೆಯಲ್ಲೇ ಇದ್ದ ಆ ಮಾತು ನನ್ನ ಮನೆಗೆ ಬರಲು ಬಹಳ ಕಾಲ ಹಿಡಿಯಿತು.

ಆದರೂ ಎಲ್ಲವನ್ನೂ ಕಾಯಿಲೆಯ ತಲೆಗೆ ಕಟ್ಟಲು ಮನಸ್ಸು ಒಪ್ಪುವುದಿಲ್ಲ. ಮಂಡಿಯ ವ್ಯಾಪಾರಿಯ ಮೇಲಾಗಲಿ, ಸಾಲ ಕೊಟ್ಟವರ ಮೇಲಾಗಲಿ ನಾನು ಎಂದೂ ಕೂಗಾಡಿದವನಲ್ಲ. ಎದುರು ಮಾತಾಡಲಾಗದವರ ಮೇಲಷ್ಟೇ ನನ್ನ ದನಿ ಏರುತ್ತಿತ್ತು. ಅಲ್ಲಿ ತಡೆದುಕೊಳ್ಳಬಲ್ಲವನು ಇಲ್ಲೂ ತಡೆದುಕೊಳ್ಳಬಲ್ಲ. ಹೆದರಿಕೆಯನ್ನು ನಾನು ಬೇಡಿ ತಂದದ್ದಲ್ಲ, ಆದರೆ ಅದನ್ನು ಯಾರ ಮೇಲೆ ಇಳಿಸುತ್ತೇನೆ ಎಂಬುದಕ್ಕೆ ನಾನೇ ಹೊಣೆ.

ವೈದ್ಯರು ಕೊಟ್ಟ ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು. ಅಷ್ಟರೊಳಗೆ ಕಲಿತದ್ದು ಇಷ್ಟು: ದವಡೆ ಬಿಗಿಯಾದ ಕೂಡಲೇ “ನಂಗೆ ಈಗ ಆತಂಕ ಆಗ್ತಾ ಇದೆ, ತೋಟದ ಕಡೆ ಹೋಗಿ ಬರ್ತೇನೆ” ಎಂದು ಹೇಳಿಯೇ ಹೊರಡುವುದು. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದು. ಸಂಜೆಯ ಕಾಫಿ ಬಿಡುವುದು. ವಾಪಸು ಬಂದಮೇಲೆ ಅರ್ಧಕ್ಕೆ ನಿಂತ ಮಾತನ್ನು ಮುಗಿಸಲೇಬೇಕು. ಮುಖ ಗಂಟಿಕ್ಕಿಕೊಂಡು ಸುಮ್ಮನಿದ್ದರೆ ಮನೆಯವರಿಗೆ ಅದೂ ಬೈಗುಳದಷ್ಟೇ ಭಾರ.

ನನ್ನಂಥವರು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಬಹಳ ಜನ ಇದ್ದಾರೆಂದು ನನಗೆ ಅನ್ನಿಸುತ್ತದೆ. ಆಸ್ಪತ್ರೆಗೆ ಹೋಗಲು ಹಿಂಜರಿಯುವವರು ಮೊದಲು 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಅಪ್ಪನ ಸಿಟ್ಟಿಗೆ ನೀನು ಕಾರಣ ಅಲ್ಲ ಎಂದು ಮಗನಿಗೂ ಹೇಳಿದ್ದೇನೆ. ಮಕ್ಕಳು ಇದನ್ನು ತಾವಾಗಿ ತಿಳಿದುಕೊಳ್ಳಲಾರರು. ನಾವೇ ಹೇಳಬೇಕು, ಮತ್ತೆ ಮತ್ತೆ ಹೇಳಬೇಕು, ಹೇಳಿದ ಹಾಗೆ ಬಾಳಬೇಕು.