ಕಾರ್ಖಾನೆ ಕಟ್ಟಿದ ತಂಡಗಳು

ದೊಡ್ಡಬಳ್ಳಾಪುರ

ಪ್ರೀತಿಯ ತಮ್ಮನಿಗೆ,

ಬಾಶೆಟ್ಟಿಹಳ್ಳಿಯಲ್ಲಿ ಪಾಳಿ ಬಿಡುವ ಹೊತ್ತಿಗೆ ರಸ್ತೆಯ ತುಂಬ ಕಂಪನಿ ಬಸ್ಸುಗಳು. ಕೊರಳಲ್ಲಿ ಗುರುತಿನ ಚೀಟಿ ತೂಗುಬಿಟ್ಟುಕೊಂಡ ಎಳೆಯ ಹುಡುಗ ಹುಡುಗಿಯರು ಗೇಟಿನಿಂದ ನೇರ ಬಸ್ಸು ಹತ್ತುತ್ತಾರೆ. ಇಲ್ಲಿಂದ ದೇವನಹಳ್ಳಿ, ಹೊಸಕೋಟೆ, ನೆಲಮಂಗಲದವರೆಗೆ ಹಬ್ಬಿರುವ ಈ ಕೈಗಾರಿಕಾ ಸೀಮೆಯಲ್ಲಿ, ಬೆಂಗಳೂರಿನ ಟೆಲಿಫೋನ್ ಕಾರ್ಖಾನೆ ಐಟಿಐ ಕಟ್ಟಿದಂಥ ಒಂದು ಫುಟ್‌ಬಾಲ್ ತಂಡ ಏಕೆ ಹುಟ್ಟಲಿಲ್ಲ? ಜನರಿಗೆ ಆಸಕ್ತಿಯಿಲ್ಲ, ಎಲ್ಲರಿಗೂ ಕ್ರಿಕೆಟ್ಟಿನ ಹುಚ್ಚು ಎಂಬ ಉತ್ತರ ನನಗೆ ಒಪ್ಪಿಗೆಯಿಲ್ಲ. ಆಟಗಾರನನ್ನು ಊರಿನಲ್ಲಿ ಉಳಿಸುವುದು ಅವನ ಅನ್ನದ ದಾರಿ. ಬೆಂಗಳೂರಿನ ಚರಿತ್ರೆ ಹೇಳುವುದೂ ಅದನ್ನೇ. ದಂಡು ಪ್ರದೇಶದ ಗಲ್ಲಿಗಳಲ್ಲಿ ಬೆಳೆದ ಆಟ ಎಷ್ಟು ದೊಡ್ಡದಿತ್ತೆಂದರೆ, 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರೇ. ಆದರೆ ಅದೇ ಊರಿನ ಅಹ್ಮದ್ ಖಾನ್‌ನಂಥ ಪ್ರತಿಭೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿತು. ವಿಮಾನ ಕಾರ್ಖಾನೆ ಎಚ್‌ಎಎಲ್ ಮತ್ತು ಐಟಿಐ ಆಟಗಾರರಿಗೆ ನೌಕರಿ ಕೊಟ್ಟ ಮೇಲೆ ಇಲ್ಲೇ ಇದ್ದು ಆಡುವುದಕ್ಕೆ ದಾರಿಯಾಯಿತು. 1977ರಲ್ಲಿ ಕೊಚ್ಚಿಯಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ಫೈನಲ್. ದೂರವಾಣಿನಗರದ ಐಟಿಐ ತಂಡ ಮೋಹನ್ ಬಾಗಾನನ್ನು 1–0ರಿಂದ ಸೋಲಿಸಿತು!

ಇಂಥ ತಂಡಗಳು ಸೋವಿಯತ್ ಕಾಲದ ರಷ್ಯಾದಲ್ಲೂ ಇದ್ದವು. ಲೋಕೊಮೊಟಿವ್ ರೈಲ್ವೆಯದು, ಡೈನಮೊ ಪೊಲೀಸರದು, ಸಿಎಸ್‌ಕೆಎ ಸೇನೆಯದು, ಟಾರ್ಪೆಡೊ ಮಾಸ್ಕೋದ ಜಿಲ್ ಮೋಟಾರು ಕಾರ್ಖಾನೆಯದಾಗಿತ್ತು. ಟಾರ್ಪೆಡೊ 1960ರಲ್ಲಿ ಸೋವಿಯತ್ ಚಾಂಪಿಯನ್ ಆಯಿತು. ಅದರ ಮಹಾನ್ ಆಟಗಾರ ಎಡ್ವರ್ಡ್ ಸ್ಟ್ರೆಲ್ತ್ಸೋವ್ 1958ರಲ್ಲಿ ಬಂಧನಕ್ಕೊಳಗಾಗಿ, ಶಿಕ್ಷೆ ಅನುಭವಿಸಿ ಹೊರಬಂದ ಮೇಲೂ ಮರಳಿದ್ದು ಅದೇ ತಂಡಕ್ಕೆ. 1965ರಲ್ಲಿ ಮತ್ತೆ ಪ್ರಶಸ್ತಿ ಗೆದ್ದ.

ಇದಕ್ಕೆ ನೀನು ಏನನ್ನುತ್ತೀ ಎಂಬುದು ಗೊತ್ತು: ಕಾರ್ಖಾನೆ ಮುಳುಗಿದರೆ ತಂಡವೂ ಮುಳುಗುತ್ತದಲ್ಲ? ನಿಜ. ಸೋವಿಯತ್ ವ್ಯವಸ್ಥೆ ಕುಸಿದ ಮೇಲೆ ಜಿಲ್ 1996ರಲ್ಲಿ ತಂಡವನ್ನು ಮಾರಿತು. ಎಚ್‌ಎಎಲ್ ತಂಡ ಐ-ಲೀಗ್‌ನಿಂದ ಕೆಳಗಿಳಿಯಿತು, ಐಟಿಐ ಕಾರ್ಖಾನೆಯೇ ಸೊರಗಿತು. ಆದರೆ ಸೊರಗುವ ಮುಂಚೆ ಅವು ಹತ್ತಾರು ವರ್ಷ ಮನೆಗಳನ್ನು ನಡೆಸಿದವು ಎಂಬುದನ್ನು ಮರೆಯಬಾರದು. ಇನ್ನು, 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ತಂಡವಾಯಿತು, ಅದು ಸಾಲದೇ ಎನ್ನಬಹುದು. ಅದರ ಸಾಧನೆಗೆ ನಾನೂ ಹೆಮ್ಮೆ ಪಡುತ್ತೇನೆ. ಆದರೆ ಅಂಥ ಒಂದು ತಂಡ ಆರಿಸಿಕೊಳ್ಳುವುದು ಬೆರಳೆಣಿಕೆಯ ಜನರನ್ನು. ಕಾರ್ಖಾನೆ ಲೀಗ್ ಸಾಧಾರಣ ಆಟಗಾರನಿಗೂ ಜಾಗ ಕೊಡುತ್ತಿತ್ತು. ಸಾಧಾರಣರು ನೂರಾರು ಮಂದಿ ಆಡಿದಲ್ಲೇ ಅಸಾಧಾರಣರು ಏಳುವುದು.

ಇಲ್ಲಿ ಅಂಥ ಲೀಗಿಗೆ ಅಡ್ಡಿಯಾಗಿರುವುದು ಗುತ್ತಿಗೆ ಕೆಲಸ. ಮುಂದಿನ ತಿಂಗಳು ಯಾವ ಗೇಟಿನ ಮುಂದೆ ನಿಲ್ಲಬೇಕೋ ತಿಳಿಯದವನು ಯಾವ ಬಣ್ಣದ ಅಂಗಿ ತೊಟ್ಟು ಆಡಬೇಕು? ಕಾಯಂ ನೌಕರಿ ಕೊಡಲಾಗದ ಕಂಪನಿಗಳು ಒಂದಾಗಿ ಒಂದು ಮೈದಾನ, ಒಬ್ಬ ತರಬೇತುದಾರ, ಅಭ್ಯಾಸದ ದಿನ ಪಾಳಿಯಲ್ಲಿ ವಿನಾಯಿತಿ ಇಷ್ಟನ್ನಾದರೂ ಕೊಡಬಹುದು. ಲೀಗ್ ಮಾತ್ರ ಹೆಣ್ಣುಮಕ್ಕಳಿಂದಲೇ ಶುರುವಾಗಲಿ. ಇಲ್ಲಿನ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರು ಹೆಚ್ಚಾಗಿ ಅವರೇ, ಎಚ್‌ಎಎಲ್-ಐಟಿಐಗಳ ವೈಭವದ ಕಾಲದಲ್ಲೂ ಆ ಮೈದಾನಕ್ಕೆ ಯಾರೂ ಕರೆಯದೆ ಬಿಟ್ಟವರು ಅವರೇ.

ನಿನ್ನ ಅಣ್ಣ