ಬೂದಿ ದಿಬ್ಬಗಳ ಸೀಮೆಯಲ್ಲಿ

ಹೊಸಪೇಟೆಯಿಂದ ಬಳ್ಳಾರಿ ಕಡೆಗೆ ಹೊರಟರೆ ಕುಡತಿನಿ ಹತ್ತಿರ ಎಲ್ಲರ ಕಣ್ಣೂ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳ ಮೇಲೆ ನೆಡುತ್ತದೆ. ಅಲ್ಲಿ ದಿನಾ ಕಲ್ಲಿದ್ದಲು ಉರಿದು ಬೂದಿಯಾಗುತ್ತದೆ. ನಾನು ನೋಡಲು ಬಂದದ್ದು ಅದಕ್ಕಿಂತ ಸುಮಾರು ನಾಲ್ಕು ಸಾವಿರ ವರ್ಷ ಹಿರಿದಾದ, ಸಗಣಿ ಸುಟ್ಟ ಬೂದಿಯನ್ನು. ಅದು ಇದೇ ಸೀಮೆಯಲ್ಲಿ, ಜಾಲಿ ಮುಳ್ಳುಗಳ ನಡುವೆ ದಿಬ್ಬವಾಗಿ ಬಿದ್ದಿದೆ.

ಕಾರು ನಿಲ್ಲಿಸಿ ಇಳಿದೆ. ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಕಂಬಳಿ ಹೆಗಲಿಗೇರಿಸಿಕೊಂಡು ಹತ್ತಿರ ಬಂದರು.

“ಯಾವೂರ್ರೀ ಸರ? ಬೂದಿ ದಿಬ್ಬ ನೋಡಾಕ ಬಂದೀರೇನು?”

“ಹೌದು ಯಜಮಾನ್ರೇ. ಇದು ಯಾರು ಸುಟ್ಟ ಬೂದಿ?”

“ಭೀಮಸೇನ ಹಿಡಿಂಬನ್ನ ಕೊಂದು ಇಲ್ಲೇ ಸುಟ್ಟಾನಂತ ನಮ್ಮ ಹಿರೇರು ಹೇಳ್ತಿದ್ರು. ರಾಕ್ಷಸ ಅಂದಮ್ಯಾಲೆ ಬೂದಿನೂ ಅಷ್ಟೇ ಬೀಳ್ತದಲ್ರೀ!”

ಹಂಪಿಯ ಪಕ್ಕದ ನಿಂಬಾಪುರದಲ್ಲಿ ಇಂಥದೇ ದಿಬ್ಬವನ್ನು ವಾಲಿಯ ಚಿತೆ ಅನ್ನುತ್ತಾರೆ. ಈ ಕಥೆಗಳನ್ನು ಕೇಳಿ ನಗುವ ಮೊದಲು ಓದಿದವರು ಏನಂದಿದ್ದರು ಅನ್ನುವುದನ್ನೂ ನೋಡಬೇಕು. 19ನೇ ಶತಮಾನದ ಮೊದಲರ್ಧದಲ್ಲೇ ಕ್ಯಾಪ್ಟನ್ ನ್ಯೂಬೋಲ್ಡ್ ಈ ದಿಬ್ಬಗಳ ಬಗ್ಗೆ ಬರೆದ. ಆಮೇಲೆ ಬಂದವರಲ್ಲಿ ಕೆಲವರು ಜ್ವಾಲಾಮುಖಿ ಅಂದರು, ಕೆಲವರು ಕಬ್ಬಿಣ ಕರಗಿಸಿದ ಕುಲುಮೆಯ ಕಿಟ್ಟ ಅಂದರು. ಸಗಣಿಯ ಕಡೆ ಬೊಟ್ಟು ಮಾಡಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಸಂದೇಹಕ್ಕೆ ತೆರೆ ಎಳೆದದ್ದು ಪುರಾತತ್ವಜ್ಞ ರೇಮಂಡ್ ಆಲ್ಚಿನ್. 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಸುತ್ತ ಮರದ ಗೂಟಗಳ ಬೇಲಿ, ಒಳಗೆ ದನದ ದೊಡ್ಡಿ, ವರ್ಷಗಟ್ಟಲೆ ಬಿದ್ದ ಸಗಣಿ, ಆಗಾಗ ಅದಕ್ಕಿಟ್ಟ ಬೆಂಕಿ. ಇಂಥ ದಿಬ್ಬಗಳು ನೂರಕ್ಕೂ ಹೆಚ್ಚಿವೆ. ಕೆಲವು 10 ಮೀಟರ್ ಎತ್ತರ ಮುಟ್ಟುತ್ತವೆ.

ಕೈಗೆ ಸಿಕ್ಕ ಒಂದು ತುಣುಕನ್ನು ಎತ್ತಿ ನೋಡಿದೆ. ಬೆಲ್ಲ ಕುದಿಯುವಾಗ ಎದ್ದ ಗುಳ್ಳೆ ಹಾಗೇ ಹೆಪ್ಪುಗಟ್ಟಿದಂತೆ ತೂತು ತೂತಾಗಿತ್ತು. ಒಲೆಗೆ ಕುಳ್ಳು ಹಾಕಿದರೆ ಹೀಗಾಗುವುದಿಲ್ಲ. ರಾಶಿ ರಾಶಿಯಾಗಿ, ಬಹಳ ಬಿಸಿಯಾಗಿ ಉರಿದರೆ ಮಾತ್ರ ಬೂದಿ ಕರಗಿ ಗಟ್ಟಿಯಾಗುತ್ತದೆ. ಉರುವಲಾಗುವ, ನೆಲ ಸಾರಿಸುವ, ಹೊಲಕ್ಕೆ ಹಾಕುವ ಸಗಣಿಯನ್ನು ಇಷ್ಟು ದುಂದಾಗಿ ಏಕೆ ಸುಟ್ಟರು? ಆಲ್ಚಿನ್ ಇದನ್ನು ಹಬ್ಬದ ಬೆಂಕಿ ಎಂದು ಬಗೆದು, ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವಂಥ ಪದ್ಧತಿಗಳನ್ನು ನೆನೆದ. ಸುರಪುರ ಸೀಮೆಯ ಬೂದಿಹಾಳವನ್ನು ಅಗೆದ ಕೆ. ಪದ್ದಯ್ಯ ಅವರು ದಿಬ್ಬದ ಮಗ್ಗುಲಲ್ಲೇ ಮನೆಗಳನ್ನೂ ಪ್ರಾಣಿಗಳನ್ನು ಕಡಿಯುತ್ತಿದ್ದ ಜಾಗವನ್ನೂ ಕಂಡು, ಇದು ಬಾಳುವೆಯ ಊರೇ ಎಂದು ತೋರಿಸಿದರು. ಎರಡರಲ್ಲಿ ಒಂದನ್ನೇ ಆರಿಸಬೇಕೆಂದು ನನಗೇನೂ ಅನ್ನಿಸಲಿಲ್ಲ. ತಿಪ್ಪೆ ಸುಡುವುದೂ ಹಬ್ಬ ಮಾಡುವುದೂ ನಮ್ಮ ಊರುಗಳಲ್ಲಿ ಒಂದೇ ದಿನ ನಡೆದದ್ದುಂಟು.

ಆದರೆ ದನ ಕಟ್ಟಲು ಈ ಬೆಂಗಾಡೇ ಏಕೆ ಬೇಕಿತ್ತು? ಪಡುವಣ ಗಾಳಿ ತನ್ನ ಮಳೆಯನ್ನು ಸಹ್ಯಾದ್ರಿಯ ಮೇಲೆ ಸುರಿದು ಬರಿಗೈಲಿ ಇಲ್ಲಿಗೆ ಬರುತ್ತದೆ. ಬಳ್ಳಾರಿಗೆ ವರ್ಷಕ್ಕೆ ಬೀಳುವುದು 500 ಮಿ.ಮೀ. ಆಜುಬಾಜು. ಮಲೆನಾಡಿನಲ್ಲಿ ಒಂದು ಒಳ್ಳೆಯ ಆಷಾಢದ ವಾರಕ್ಕೇ ಅಷ್ಟು ಸುರಿದುಬಿಡಬಹುದು. ಉತ್ತರ ಕಾಡಿನಲ್ಲಿದೆ. ಎಂಟು-ಒಂಬತ್ತು ಸಾವಿರ ವರ್ಷಗಳ ಹಿಂದೆ ಮುಂಗಾರು ಈಗಿನದಕ್ಕಿಂತ ಬಲವಾಗಿತ್ತು. ಬರಬರುತ್ತಾ ಅದು ಕುಗ್ಗಿತು. ಮಹಾರಾಷ್ಟ್ರದ ಲೋಣಾರ್ ಸರೋವರದ ತಳದ ಕೆಸರನ್ನು ಪದರ ಪದರವಾಗಿ ಓದಿದವರು, ಸುಮಾರು 4600ರಿಂದ 3900 ವರ್ಷಗಳ ಹಿಂದಿನವರೆಗೆ ದೀರ್ಘ ಒಣಗಾಲವೊಂದು ಇತ್ತೆಂದು ಕಂಡಿದ್ದಾರೆ. ಮಳೆ ಕುಗ್ಗಿ ಕಾಡು ತೆಳುವಾದಷ್ಟೂ ಹುಲ್ಲು ಹಬ್ಬುತ್ತದೆ. ಹುಲ್ಲು ಹಬ್ಬಿದಲ್ಲಿ ದನ ಬದುಕುತ್ತದೆ, ದನದ ಹಿಂದೆ ಮನುಷ್ಯ ನಡೆಯುತ್ತಾನೆ. ಮಳೆ ಕಡಿಮೆಯಾದದ್ದೇ ಇಲ್ಲಿ ಬದುಕಿಗೆ ಬಾಗಿಲು ತೆರೆಯಿತು.

ಇದೇ ಒಣಗಾಲದ ಕೊನೆಯ ಹೊತ್ತಿಗೆ ಸಿಂಧೂ ಕಣಿವೆಯ ಮಹಾನಗರಗಳು ಬಿಕೋ ಎನ್ನತೊಡಗಿದವು. ಇಲ್ಲಿ ಬಳ್ಳಾರಿಯ ಬಂಡೆಗಳ ನೆತ್ತಿಯ ಮೇಲೆ ಹಳ್ಳಿಗಳು ಏಳತೊಡಗಿದವು. ಬರ ಬಂತು, ಜನ ಹೋದರು ಎಂದು ಎರಡೇ ಸಾಲಿನಲ್ಲಿ ಚರಿತ್ರೆ ಮುಗಿಸುವವರನ್ನು ಸಂಗನಕಲ್ಲಿಗೆ ಕರೆತರಬೇಕು.

ಬಳ್ಳಾರಿಯಿಂದ ಮೋಕಾ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಸಂಗನಕಲ್ಲು. ಹಿರೇಗುಡ್ಡ, ಸಣ್ಣರಾಚಮ್ಮ ಗುಡ್ಡ, ಚೌಡಮ್ಮನ ಗುಡ್ಡ, ಹೀಗೆ ಗ್ರಾನೈಟ್ ಬಂಡೆಗಳ ಸಾಲು. ಬಿ. ಸುಬ್ಬರಾವ್ 1940ರ ದಶಕದಲ್ಲಿ ಇಲ್ಲಿ ಅಗೆದರು. ಆಮೇಲೆ ಅನ್ಸಾರಿ ಮತ್ತು ನಾಗರಾಜರಾವ್, ಈಚೆಗೆ ರವಿ ಕೋರಿಶೆಟ್ಟರ್ ಮತ್ತು ಅವರ ವಿದೇಶಿ ಸಂಗಡಿಗರು. ಸಣ್ಣರಾಚಮ್ಮ ಗುಡ್ಡದ ಮೇಲೆ ಅಡಿಯಲ್ಲಿ ಬೂದಿ ದಿಬ್ಬ, ಅದರ ಮೇಲೆ ಹಳ್ಳಿ. ಕ್ರಿ.ಪೂ. 1950ರ ಸುಮಾರಿಗೆ ದನದೊಂದಿಗೆ ಬಂದು ಹೋಗುತ್ತಿದ್ದವರು ಕೆಲವೇ ತಲೆಮಾರುಗಳಲ್ಲಿ ದುಂಡನೆಯ ಗುಡಿಸಲು ಕಟ್ಟಿಕೊಂಡು ನಿಂತುಬಿಟ್ಟರು.

ಹತ್ತುವಾಗಲೇ ಅವರ ಲೆಕ್ಕಾಚಾರ ಕಾಲಿಗೆ ತಿಳಿಯುತ್ತದೆ. ಬರಿ ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಜಾರಿ ಬುಡಕ್ಕೆ ಹೋಗುತ್ತದೆ. ಬಯಲಿಗೆ ಒಂದು ಪಾಲು ನೀರು ಸಿಕ್ಕರೆ ಗುಡ್ಡದ ಬುಡದ ಮಸಾರಿ ನೆಲಕ್ಕೆ ಬಂಡೆಯ ಪಾಲೂ ಸೇರಿಕೊಳ್ಳುತ್ತದೆ. ಮೇಲೆ ಬಂಡೆಯ ತಗ್ಗುಗಳಲ್ಲಿ ದೊಣೆಗಳು. ನಾನು ಹೋದದ್ದು ಹಿಂಗಾರು ಮುಗಿದ ಮೇಲೆ. ಒಂದು ದೊಣೆಯಲ್ಲಿ ಇನ್ನೂ ಮೊಣಕಾಲು ಮಟ್ಟ ನೀರಿತ್ತು. ಸುತ್ತಲಿನ ಎರೆ ಭೂಮಿ ಇಂದು ಹತ್ತಿ, ಜೋಳ, ಮೆಣಸಿನಕಾಯಿಗೆ ಬಂಗಾರ. ಆದರೆ ಮಳೆಯಲ್ಲಿ ಅಂಟಾಗಿ, ಬೇಸಿಗೆಯಲ್ಲಿ ಬಿರಿಯುವ ಆ ಕಪ್ಪು ನೆಲವನ್ನು ಕಬ್ಬಿಣದ ಕುಳವಿಲ್ಲದೆ ಉಳುವುದು ಯಾರ ಕೈಲಾದೀತು? ಅದು ದನಕ್ಕೆ ಬಿಟ್ಟ ಹುಲ್ಲುಗಾವಲಾಯಿತು, ಬಿತ್ತನೆ ಗುಡ್ಡದ ಬುಡದಲ್ಲೇ ಉಳಿಯಿತು.

ಬಿತ್ತಿದ್ದೇನು? ಅಗೆದ ಮಣ್ಣನ್ನು ನೀರಲ್ಲಿ ತೇಲಿಸಿ ಸುಟ್ಟು ಕರಿಯಾದ ಕಾಳುಗಳನ್ನು ಹೆಕ್ಕಿದ ಡೋರಿಯನ್ ಫುಲ್ಲರ್ ಕೊಡುವ ಪಟ್ಟಿ ನಮ್ಮ ಅಜ್ಜಿಯರಿಗೆ ಪರಿಚಿತವೇ: ಕೊರಲೆ, ನವಣೆಯ ಕಾಡು ಬಂಧುವೊಂದು, ಹುರುಳಿ, ಹೆಸರು. ಮುಂಗಾರಿನ ನಾಲ್ಕು ಹದ ಮಳೆ ಸಾಕು. ಕೊರಲೆ ಮೂರು ತಿಂಗಳೊಳಗೆ ಕೈಗೆ ಬರುತ್ತದೆ. ಆಮೇಲೆ ಉತ್ತರದಿಂದ ಗೋಧಿ, ಜವೆಗೋಧಿ ಬಂದವು. ಚಳಿಗಾಲದಲ್ಲಿ ನೀರು ಬೇಡುವ ಬೆಳೆಗಳವು, ಸಿಗುವುದೂ ಕೊಂಚವೇ. ಬೀಗರ ಊಟಕ್ಕೆ ಇಟ್ಟುಕೊಂಡಿರಬೇಕು ಎಂದು ನನ್ನ ಊಹೆ. ಮಳೆ ಕೈಕೊಟ್ಟ ವರ್ಷ ಹೊಲ ಹೋದರೂ ದನವನ್ನು ಹೊಡೆದುಕೊಂಡು ಬೇರೆ ಕಡೆ ಹೋಗಬಹುದಿತ್ತು. ಯಾವ ಒಂದಕ್ಕೂ ಜೀವ ಕಟ್ಟಿ ಹಾಕಿರಲಿಲ್ಲ. ಅವರನ್ನು ಉಳಿಸಿದ್ದು ಅದೇ ಎಂದು ನನಗೆ ತೋರುತ್ತದೆ.

ಹಿರೇಗುಡ್ಡದ ಮೈಮೇಲೆ ಕರಿಕಲ್ಲಿನ ಗೋಡೆಯೊಂದು ಉದ್ದಕ್ಕೂ ಹಾದು ಹೋಗಿದೆ. ಭೂಮಿಯ ಬಿರುಕಿನಲ್ಲಿ ಉಕ್ಕಿ ಗಟ್ಟಿಯಾದ ಡಾಲರೈಟ್ ಅದು. ಕಲ್ಲಿನ ಕೊಡಲಿಗೆ ಇದಕ್ಕಿಂತ ಒಳ್ಳೆಯ ಕಲ್ಲಿಲ್ಲ. ಕ್ರಿ.ಪೂ. 1400ರಿಂದ 1200ರ ನಡುವೆ ಇಲ್ಲಿ ಕೊಡಲಿ ಮಾಡುವ ಕೆಲಸ ಮನೆಬಳಕೆಯನ್ನು ಮೀರಿ ಬೆಳೆದಿತ್ತು. ಕಾಲಿಟ್ಟಲ್ಲೆಲ್ಲಾ ಚಕ್ಕೆಗಳು, ಕೊಡಲಿ ಉಜ್ಜಿ ಉಜ್ಜಿ ನುಣುಪಾದ ಗುಳಿಗಳು. ಒಂದರಲ್ಲಿ ಅಂಗೈ ಇಟ್ಟರೆ ತಾನಾಗಿ ಜಾರುತ್ತದೆ. ಅದೇ ಕರಿಬಂಡೆಗಳ ಮೇಲೆ ಉದ್ದ ಕೊಂಬಿನ, ಡುಬ್ಬವಿರುವ ಎತ್ತುಗಳನ್ನು ಕುಟ್ಟಿ ಕುಟ್ಟಿ ಬಿಡಿಸಿದ್ದಾರೆ. 1892ರಲ್ಲೇ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಇವುಗಳ ಬಗ್ಗೆ ಬರೆದಿದ್ದ. ಆಮೇಲೆ ಬಹುಕಾಲ ವಿದ್ವಾಂಸರು ಮರೆತ ಇವನ್ನು ಈ ಶತಮಾನದ ಆರಂಭದಲ್ಲಿ ಮತ್ತೆ ಗುರುತಿಸಬೇಕಾಯಿತು. ಕೆಲವು ಬಂಡೆಗಳ ಗುಳಿಗೆ ಕಲ್ಲಿನಿಂದ ತಟ್ಟಿದರೆ ಗಂಟೆಯ ನಾದ ಹೊಮ್ಮುತ್ತದೆ. ಜೊತೆಗಿದ್ದ ಸಂಗನಕಲ್ಲಿನ ಹುಡುಗ ತಟ್ಟಿ ಕೇಳಿಸಿ, “ಫೋನ್‌ನಾಗ ರೆಕಾರ್ಡ್ ಮಾಡ್ಕೊಳ್ರೀ ಸರ” ಅಂದ.

ಕ್ರಿ.ಪೂ. 1200ರ ಬಳಿಕ ಗುಡ್ಡದ ಮೇಲಿನ ಹಳ್ಳಿಗಳು ಖಾಲಿಯಾದವು. ಒಣಗಾಲ ಬಿಗಿಯಾಯಿತು ಎನ್ನುವವರಿದ್ದಾರೆ. ನಾನು ಅದೊಂದಕ್ಕೇ ಎಲ್ಲವನ್ನೂ ಕಟ್ಟುವುದಿಲ್ಲ. ಕಬ್ಬಿಣ ಬಂದಿತ್ತು, ಕೊಡಲಿ ಕಲ್ಲಿನ ಬೆಲೆ ಇಳಿದಿತ್ತು, ಎರೆ ಭೂಮಿ ಉಳಲು ಸಾಧ್ಯವಾಗುತ್ತಿತ್ತು. ಬಯಲಲ್ಲಿ ದಾರಿ ತೆರೆದಾಗ ಗುಡ್ಡದ ಮೇಲೆ ನೀರು ಹೊರುವ ಕಷ್ಟ ಯಾರಿಗೆ ಬೇಕು?

ನೆತ್ತಿಯಿಂದ ನೋಡಿದರೆ ಒಂದು ಕಡೆ ತುಂಗಭದ್ರಾ ಕಾಲುವೆಯ ಭತ್ತದ ಹಸಿರು. 1953ರ ಅಣೆಕಟ್ಟು ತಂದ ಹಸಿರು ಅದು. ಇದು ಬೆಂಗಾಡೆಂಬುದನ್ನು ಮರೆಸುವಷ್ಟು ದಟ್ಟ. ಇನ್ನೊಂದು ಕಡೆ ಕಲ್ಲು ಗಣಿಗಾರಿಕೆ ಕಚ್ಚಿದ ಬಂಡೆಗಳ ಬಿಳಿ ಗಾಯ. ಬೂದಿ ದಿಬ್ಬಗಳಿಗೂ ಇದೇ ಗತಿ: ಎಷ್ಟೋ ದಿಬ್ಬಗಳ ಬೂದಿಯನ್ನು ರೈತರು ಗೊಬ್ಬರವೆಂದು ಗಾಡಿ ಗಾಡಿ ಹೇರಿ ಹೊಲಕ್ಕೆ ಹೊಡೆದಿದ್ದಾರೆ. ರೈತನನ್ನು ಬೈಯಲಾರೆ, ಅವನಿಗೆ ಬೂದಿ ಬೂದಿಯೇ. ಯಾವ ದಿಬ್ಬ ಏನೆಂದು ತಿಳಿದೂ ಬೇಲಿ ಹಾಕದ ನಮಗೆ ಮಾತ್ರ ನೆಪವಿಲ್ಲ.

ಹೋಗುವವರು ಮಳೆ ಮುಗಿದು ಬಿಸಿಲು ಏರುವ ಮೊದಲು ಹೋಗಿ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವಿದೆ. ಮೊದಲು ಅದನ್ನು ನೋಡಿದರೆ ಗುಡ್ಡದ ಮೇಲೆ ಚಕ್ಕೆ ಯಾವುದು, ಬರಿ ಕಲ್ಲು ಯಾವುದು ತಿಳಿಯುತ್ತದೆ. ಊರವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಚಕ್ಕೆ, ಮಡಕೆ ಚೂರು ಜೇಬಿಗಿಳಿಸಬೇಡಿ, ಬಂಡೆಯ ಮೇಲೆ ಹೆಸರು ಕೊರೆಯಬೇಡಿ.